ಗಾಳೆಮ್ಮನ ಕೆರೆಯಲ್ಲಿ ನಾವು ಕಿತ್ತ ಬಾಟಲಿಗಳು

ಗಾಳೆಮ್ಮನ ಕೆರೆಯಲ್ಲಿ ಮೋಟಾರು ಬೋಟು ಓಡಿಸಲು ಅಪ್ಪಣೆ ದಯಪಾಲಿಸಿದ ಮಾನ್ಯ ಅಧಿಕಾರಿಗಳೇ,

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಶಾಲೆಯ ಮೂವತ್ತೆಂಟು ಮಕ್ಕಳು ಎರಡು ಸರದಿಯಲ್ಲಿ ಆ ಬೋಟು ಹತ್ತಲಿದ್ದಾರೆ. ದಯವಿಟ್ಟು ಅದನ್ನು ನಿಲ್ಲಿಸಿ. ಕೇಳಬೇಕಾದದ್ದು ಇಷ್ಟೇ. ಇಷ್ಟನ್ನೇ ನಿಮ್ಮ ಕಚೇರಿಗೆ ಎರಡು ಸಲ ಅರ್ಜಿ ಬರೆದು ಕೇಳಿದ್ದೇನೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ‘ಸದರಿ ಕೆರೆಯಲ್ಲಿ ಈವರೆಗೆ ಯಾವುದೇ ಅಪಘಾತ ಸಂಭವಿಸಿರುವುದಿಲ್ಲವಾದ್ದರಿಂದ ಕ್ರಮದ ಅವಶ್ಯಕತೆ ಕಂಡುಬಂದಿರುವುದಿಲ್ಲ’ ಎಂದು ಉತ್ತರ ಬಂತು. ಕ್ರಮ ಜರುಗಿಸಲು ತಮಗೆ ಮೊದಲು ಎಷ್ಟು ಹೆಣ ಬೇಕು ಎಂಬುದನ್ನಾದರೂ ಒಂದು ಸುತ್ತೋಲೆಯಲ್ಲಿ ತಿಳಿಸಿದ್ದರೆ ನಮ್ಮಂಥವರಿಗೆ ಅರ್ಜಿ ಬರೆಯುವ ಶ್ರಮ ಉಳಿಯುತ್ತಿತ್ತು.

ನಾನು ಸಂಡೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಯಾರ ಮೇಲೂ ಬೆರಳು ತೋರಿಸುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ, ಬೋಟಿನ ಉದ್ಘಾಟನೆಗೆ ಎರಡು ದಿನ ಮುಂಚೆ, ಕೆರೆಯನ್ನು ಸ್ವಚ್ಛ ಮಾಡಬೇಕೆಂದು ನೀವು ಸುತ್ತಲಿನ ಶಾಲೆಗಳಿಗೆ ಆದೇಶ ಕಳಿಸಿದಿರಿ. ಟೋಪಿ ಕೊಟ್ಟಿರಿ, ಉಪ್ಪಿಟ್ಟು ಕೊಟ್ಟಿರಿ. ಕೆರೆ ಆಗ ಭರ್ತಿಯಾಗಿತ್ತು. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಖಾಲಿ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು. ಬೋಟಿನಲ್ಲಿ ಕೂತು ನಾವು ಆರು ಜನ ಮೇಷ್ಟ್ರು ಅವನ್ನೆಲ್ಲ ಹೆಕ್ಕಿದೆವು. ಹೆಕ್ಕಿದೆವು ಅನ್ನುವುದೂ ತಪ್ಪು. ಪ್ರತಿ ಬಾಟಲಿಯ ಕತ್ತಿಗೂ ಒಂದು ನೈಲಾನ್ ಹಗ್ಗ ಬಿಗಿದಿತ್ತು, ಹಗ್ಗ ನೆಟ್ಟಗೆ ನೀರಿನಾಳಕ್ಕೆ ಇಳಿದಿತ್ತು. ನಾನು ಮನೆಯಿಂದ ತಂದಿದ್ದ ತರಕಾರಿ ಹೆಚ್ಚುವ ಚಾಕುವಿನಿಂದ ಆ ಹಗ್ಗಗಳನ್ನು ಒಂದೊಂದಾಗಿ ಕೊಯ್ದೆ. ಕಸವನ್ನು ಯಾರಾದರೂ ಹಗ್ಗ ಹಾಕಿ ಕಟ್ಟಿಡುತ್ತಾರೆಯೇ? ಈ ಪ್ರಶ್ನೆ ಏಳನೇ ತರಗತಿಯ ಮಗುವಿಗೂ ಹೊಳೆಯಬೇಕು. ಇಪ್ಪತ್ತೆರಡು ವರ್ಷ ವಿಜ್ಞಾನ ಹೇಳಿದ ನನಗೆ ಹೊಳೆಯಲಿಲ್ಲ. ಬಿಸಿಲಿತ್ತು, ಫೋಟೋದವರು ಅವಸರ ಮಾಡುತ್ತಿದ್ದರು, ‘ಬಾಟಲಿಮುಕ್ತ ಕೆರೆ’ ಎಂಬ ಬ್ಯಾನರು ಆಗಲೇ ಕಟ್ಟಿಯಾಗಿತ್ತು. ಮಾರನೆಯ ದಿನದ ಪತ್ರಿಕೆಯಲ್ಲಿ ಆ ಬಾಟಲಿಗಳ ರಾಶಿಯ ಹಿಂದೆ ನಿಂತು ನೀವು ನಗುತ್ತಿದ್ದೀರಿ. ನಿಮ್ಮ ಎಡಗಡೆ ಹಲ್ಲು ಕಿರಿದು ನಿಂತವನು ನಾನೇ.

ಡಿಸೆಂಬರಿನ ಎರಡನೇ ಭಾನುವಾರ ನಾನೂ ನನ್ನ ಹೆಂಡತಿ ಗಂಗಾಂಬಿಕಾಳೂ ಆ ಬೋಟಿನಲ್ಲಿ ಕೂತೆವು. ಹಂಪಿ ನೋಡಿಕೊಂಡು ಬಂದಿದ್ದ ಒಂದು ದೊಡ್ಡ ಸಂಸಾರವೂ ಜೊತೆಗಿತ್ತು. ಬೋಟು ನಡೆಸುವ ಸಾಗರ ಮೊದಲು ಯಶವಂತನಗರದ ಕಡೆ ಅದಿರಿನ ಲಾರಿ ಓಡಿಸುತ್ತಿದ್ದವನು. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಮೂರು ದಿನ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಟ್ಟಿದ್ದಾರಂತೆ. ‘ಘಾಟಿನ್ಯಾಗ ಲೋಡ್ ಗಾಡಿ ಇಳಿಸಿದಾಂವ ಅದೀನ್ರಿ ಸರ, ಇಲ್ಲಿ ಎದುರಿಗೆ ಗಾಡೀನ ಬರಂಗಿಲ್ಲ, ಆರಾಮ ಕುಂದ್ರಿ’ ಎಂದ. ಆರಾಮವಾಗಿಯೇ ಕೂತೆವು. ಕೆರೆಯ ನಡುವೆ ಹೋಗಿ ವೇಗ ಹೆಚ್ಚಿಸಿದ. ಆಗ ಕಾಲ ಕೆಳಗೆ ಒಂದು ಸದ್ದು ಬಂತು. ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆದ ಸದ್ದು. ಬೋಟು ಮುಂಭಾಗದಲ್ಲಿ ಮೇಲೆದ್ದು ಬಲಕ್ಕೆ ವಾಲಿತು, ಕೂತವರೆಲ್ಲ ಒಬ್ಬರ ಮೇಲೊಬ್ಬರು ಜಾರಿದರು, ಅಂಚಿನಿಂದ ನೀರು ಒಳಗೆ ನುಗ್ಗಿತು. ‘ಯಾರೂ ಏಳಬ್ಯಾಡ್ರಿ, ಯಾರೂ ಏಳಬ್ಯಾಡ್ರಿ’ ಎಂದು ಸಾಗರ ಕೂಗುತ್ತಿದ್ದ. ಎಲ್ಲರೂ ಎದ್ದರು. ಗಂಗಾಂಬಿಕಾ ನನ್ನ ತೋಳು ಹಿಡಿದ ರಭಸಕ್ಕೆ ಅವಳ ಬಳೆ ಒಡೆದು ನನಗೇ ಚುಚ್ಚಿತು. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ಆಮೇಲೆ ಬೋಟು ತಾನೇ ಜಾರಿ ನೀರಿಗೆ ಬಿತ್ತು, ಯಾರೂ ಸಾಯಲಿಲ್ಲ. ದಡ ಮುಟ್ಟಿದ ಮೇಲೆ ಆ ಸಂಸಾರದ ಹುಡುಗನೊಬ್ಬ ಮೊಬೈಲಿನಲ್ಲಿ ಹಿಡಿದದ್ದನ್ನು ತೋರಿಸಿ ‘ಮಸ್ತ್ ಬಂದೈತಿ’ ಅಂದ. ಹೌದು, ನಿಮ್ಮ ಕಚೇರಿ ಬರೆದದ್ದು ನಿಜ. ಅಪಘಾತ ಸಂಭವಿಸಿರುವುದಿಲ್ಲ.

ದಡದಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಮುದುಕ ಪಕ್ಕೀರಪ್ಪ ನಮ್ಮ ಒದ್ದೆ ಬಟ್ಟೆ ನೋಡಿದ. ಅವನದು ಹರಿಗೋಲು ಹಾಕಿ ಮೀನು ಹಿಡಿಯುವ ಮನೆತನ. ‘ಯಾವ ಕಲ್ಲು ಹತ್ತಿತ್ರಿ ಮಾಸ್ತರ? ನಡುವಿಂದಾ?’ ಎಂದು ಕೇಳಿದ, ಯಾವ ಬಸ್ಸಿಗೆ ಬಂದಿರಿ ಎಂದು ಕೇಳಿದ ಹಾಗೆ. ಆಮೇಲೆ ಅವನೇ ಹೇಳಿದ. ‘ನೀವು ಅವತ್ತು ಕಿತ್ತಿದ್ದು ಕಸ ಅಲ್ರಿ. ಒಂದೊಂದು ಬಾಟ್ಲಿ ಕೆಳಗ ಒಂದೊಂದು ಕಲ್ಲೈತಿ. ಬ್ಯಾಸಿಗ್ಯಾಗ ಕೆರಿ ಬತ್ತಿದಾಗ ಕಲ್ಲಿಗೆ ಹಗ್ಗ ಕಟ್ಟಿ ಬಾಟ್ಲಿ ಬಿಡತೀವಿ. ನೀರು ಏರಿದಂಗ ಅದೂ ಮ್ಯಾಲ ಬರತೈತಿ. ಅದನ್ನ ನೋಡಿ ಹರಗೋಲು ತಿರುವಿಕೊಳ್ಳೋದು. ಇಲ್ಲಂದ್ರ ಬಲಿ ಹರೀತೈತಿ, ಹರಗೋಲು ಹರೀತೈತಿ.’

ಅವತ್ತೇ ಹೇಳಬಾರದಿತ್ತೇ ಎಂದೆ. ‘ಹೇಳಾಕ ಬಂದಿದ್ನಲ್ರೀ. ನೀವೆಲ್ಲ ಟೋಪಿ ಹಾಕ್ಕೊಂಡು ಪೋಟೋ ಹೊಡಿಸ್ಕೊಳ್ಳಾಕತ್ತಿದ್ರಿ. ಗೇಟಿನಾಂವ ಒಳಗ ಬಿಡಲಿಲ್ಲ.’ ಹಾಗಾದರೆ ಈಗ ಮತ್ತೆ ಕಟ್ಟಿಬಿಡು, ಹಗ್ಗ ಬಾಟಲಿ ನಾನೇ ತಂದುಕೊಡುತ್ತೇನೆ ಎಂದೆ. ನನ್ನ ಮುಖವನ್ನೇ ನೋಡಿದ. ‘ನೀರಾಗ ಮುಳುಗಿದ ಕಲ್ಲಿಗೆ ಹೆಂಗ ಕಟ್ಟೋದ್ರಿ? ಅದು ಒಣಗಿ ನಿಂತಾಗ ಕಟ್ಟಬೇಕು. ಇನ್ನ ಯುಗಾದಿ ದಾಟಬೇಕು. ಕೆರಿ ತುಂಬಿದ್ರ ಚಿಂತಿಲ್ಲ, ಬತ್ತಿದ್ರೂ ಚಿಂತಿಲ್ಲ, ಕಣ್ಣಿಗೆ ಕಾಣತಾವ. ಈಗ ನೋಡ್ರಿ, ತೂಬು ಬಿಟ್ಟಾರ, ದಿನಾ ನೀರು ಇಳಿಯಾಕತ್ತೈತಿ. ಕಲ್ಲು ಗೇಣು ಕೆಳಗ ಕುಂತಿರತಾವ. ಇದು ಭಾಳ ಕೆಟ್ಟ ಕಾಲ.’

ಮಾನ್ಯರೇ, ಆ ದಿನದಿಂದ ನನಗೆ ನೆಟ್ಟಗೆ ಊಟ ಸೇರುತ್ತಿಲ್ಲ. ನಮ್ಮ ಬೋಟಿಗೆ ಬಡಿದದ್ದು ಒಂದು ಕಲ್ಲು. ನಾವು ಕಿತ್ತದ್ದು ಅರವತ್ತೊಂದು ಬಾಟಲಿ. ಎಣಿಸಿ ಹೇಳಿದವರು ನೀವೇ, ಭಾಷಣದಲ್ಲಿ. ಅಕ್ಟೋಬರಿನಲ್ಲಿ ಮಾರುದ್ದ ಕೆಳಗಿದ್ದ ಕಲ್ಲುಗಳು ಈ ಭಾನುವಾರ ಎಷ್ಟು ಕೆಳಗಿರುತ್ತವೆ? ಸಾಗರನಿಗೆ ಗೊತ್ತೇ? ನಿಮಗೆ ಗೊತ್ತೇ? ಗೊತ್ತಿರುವ ಪಕ್ಕೀರಪ್ಪನನ್ನಾದರೂ ಬೋಟಿನಲ್ಲಿ ಕೂರಿಸಿಕೊಳ್ಳಿ ಎಂದು ಗುತ್ತಿಗೆದಾರರನ್ನು ಬೇಡಿಕೊಂಡೆ. ಅವನ ಹತ್ತಿರ ಪ್ರಮಾಣಪತ್ರ ಇಲ್ಲವಂತೆ. ಐವತ್ತು ವರ್ಷ ಆ ಕಲ್ಲುಗಳ ನಡುವೆ ಬದುಕಿದವನಿಗೆ ಪ್ರಮಾಣಪತ್ರ ಇಲ್ಲ, ಮೂರು ದಿನ ಕಲಿತವನಿಗೆ ಇದೆ! ಸಾಲದ್ದಕ್ಕೆ, ಕೆರೆಗೆ ಪ್ಲಾಸ್ಟಿಕ್ ಹಾಕಿದವರೆಂದು ಮೀನುಗಾರರಿಗೇ ನೋಟೀಸು ಹೋಗಿದೆ. ಬೋಟು ಓಡುವ ಜಾಗದಲ್ಲಿ ಹರಿಗೋಲು ಕಾಲಿಡುವಂತಿಲ್ಲ. ಒಟ್ಟಿನಲ್ಲಿ ಕೆರೆಯನ್ನು ಬಲ್ಲವರೆಲ್ಲ ದಡದಲ್ಲಿದ್ದಾರೆ, ಅರಿಯದವರೆಲ್ಲ ನೀರಿನ ಮೇಲಿದ್ದಾರೆ. ಇದಕ್ಕಿಂತ ಅಚ್ಚುಕಟ್ಟಾದ ಆಡಳಿತ ಬೇರೆಲ್ಲಿದೆ?

ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ಪ್ರವಾಸ ಬೇಡವೆಂದೆ. ‘ಇಲಾಖೆಯವರೇ ಸುರಕ್ಷಿತ ಅಂತ ಬೋರ್ಡು ಹಾಕ್ಯಾರ. ನಾನು ಬ್ಯಾಡ ಅಂದ್ರ ಮಕ್ಕಳು ಅಳತಾವ, ಮ್ಯಾಲಿನವರು ಕೇಳತಾರ. ನಿಮ್ಮ ಮಾತಿಗೆ ಕಾಗದ ಐತೇನ್ರಿ?’ ಎಂದರು. ಅವರನ್ನೂ ದೂರಲಾರೆ. ಪಾಲಕರ ಮನೆಗೆ ಹೋದೆ. ‘ನೀವು ಗಂಡ ಹೆಂಡ್ತಿ ಮಜಾ ಮಾಡಿ ಬಂದೀರಿ, ನಮ್ಮ ಹುಡುಗ್ರು ಹೋಗಬಾರದೇನ್ರಿ?’ ಎಂದು ಶಾಂತಕ್ಕ ನಕ್ಕಳು. ಅವಳ ಮಗಳು ಎಂಟನೇ ತರಗತಿ, ಸಣ್ಣ ಆಳು. ಬೋಟಿನವರ ಹತ್ತಿರ ಇರುವ ಜಾಕೆಟ್ಟುಗಳೆಲ್ಲ ದೊಡ್ಡವರ ಅಳತೆಯವು. ಒಂದನ್ನು ಕೇಳಿ ತಂದು ತರಗತಿಯಲ್ಲಿ ಆ ಹುಡುಗಿಗೆ ತೊಡಿಸಿ, ಪಟ್ಟಿ ಬಿಗಿದು, ಎರಡೂ ಕೈ ಮೇಲೆತ್ತು ಎಂದೆ. ಜಾಕೆಟ್ಟು ತಲೆಯ ಮೇಲಿಂದ ಹೊರಗೆ ಬಂತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ನನಗೆ ಅಲ್ಲಿ ನಿಲ್ಲಲಾಗದೆ ವರಾಂಡಕ್ಕೆ ಬಂದುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇದು. ಕೆರೆ ಇಳಿದು ಕಲ್ಲುಗಳು ಒಣಗಿ ಕಾಣುವವರೆಗೆ ಬೋಟು ನಿಲ್ಲಿಸಿ. ಆಮೇಲೆ ಮೀನುಗಾರರನ್ನು ಗೌರವದಿಂದ ಕರೆದು ಪ್ರತಿ ಕಲ್ಲಿಗೂ ಗುರುತು ಕಟ್ಟಿಸಿ. ಬಾಟಲಿ ನೋಡಲು ಚಂದ ಕಾಣದಿದ್ದರೆ ಬೇರೆ ಏನಾದರೂ ಚಂದದ್ದನ್ನೇ ಕಟ್ಟಿಸಿ. ನಿಮ್ಮ ಒಂದು ಸಾಲಿನ ಆದೇಶ ಸಾಕು. ನಮಗೆ ಟೋಪಿ ಹಾಕಿಸಲು ನೀವು ಬರೆದದ್ದು ಅದಕ್ಕಿಂತ ಉದ್ದವಿತ್ತು. ಶನಿವಾರ ಸಂಜೆಯೊಳಗೆ ಆ ಸಾಲು ಬರದೇ ಹೋದರೆ, ಎರಡೂ ಸರದಿಯಲ್ಲಿ ಮಕ್ಕಳ ಜೊತೆ ನಾನೂ ಬೋಟು ಹತ್ತುತ್ತೇನೆ. ಸಾಗರ ಹಿಂದೆ ಕೂತು ಓಡಿಸುತ್ತಾನೆ, ಮುಂದೆ ಕೂತು ನೀರು ನೋಡುವವರು ಬೇಕು. ಕಲ್ಲಿನ ಮೇಲಿನ ನೀರು ಸ್ವಲ್ಪ ಬೇರೆ ಥರ ನಡುಗುತ್ತದೆ ಎಂದು ಪಕ್ಕೀರಪ್ಪ ಮೂರು ಸಂಜೆ ದಡದಲ್ಲಿ ನಿಲ್ಲಿಸಿ ತೋರಿಸಿದ್ದಾನೆ. ನನಗೆ ಒಂದು ಸಲವೂ ಕಾಣಲಿಲ್ಲ. ಆದರೂ ಹೋಗುತ್ತೇನೆ. ಗಂಗಾಂಬಿಕಾ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಇಂತಿ,
ತಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ, ಈಜು ಬಾರದ
ಉಜ್ಜಿನಪ್ಪ,
ವಿಜ್ಞಾನ ಶಿಕ್ಷಕ