ನಮ್ಮತ್ತೆಯ ಸಾವಿನಿಂದ ಏರಿದ ಜೀವನಮಟ್ಟ

ನಗರಾಡಳಿತದ ವಸತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮತ್ತೆ ಸತ್ತಿದ್ದರಿಂದ ನಮ್ಮ ಸಂಸಾರದ ಜೀವನಮಟ್ಟ ಸುಧಾರಿಸಿದೆ ಎಂದು ತಾವು ದಯೆಯಿಂದ ಲೆಕ್ಕ ಹಾಕಿದ್ದೀರಿ. ಈ ಅಭ್ಯುದಯಕ್ಕೆ ಕೃತಜ್ಞತೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಕಾಮಾ ನದಿಯ ದಂಡೆಯ ಈ ಊರಿನಲ್ಲಿ, ನಾಲ್ಕು ಸಂಸಾರಗಳಿಗೆ ಒಂದೇ ಅಡುಗೆಮನೆಯಿರುವ ಕಡೆ, ನಮ್ಮದೊಂದು ಕೋಣೆ. ನಾನು, ಗಂಡ, ಅತ್ತೆ ಅಗ್ಲಾಯಾ ತಿಖೊನೊವ್ನಾ, ಮಗಳು ಝೋಯಾ, ಅಳಿಯ. ತಾವು ಹಂಚುವ ಬೇರೆ ಮನೆಗಾಗಿ ಸರದಿಯಲ್ಲಿ ಹೆಸರು ಬರೆಸಿದಾಗ ಝೋಯಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ತಲೆಗೆ ಇಂತಿಷ್ಟು ಚದರ ಮೀಟರಿಗಿಂತ ಕಡಿಮೆ ಜಾಗವಿದ್ದವರಿಗೆ ಮಾತ್ರ ಆ ಸರದಿ. ಅದು ಅತ್ತೆಗೂ ಗೊತ್ತಿತ್ತು. ಹಾಸಿಗೆ ಹಿಡಿದ ಮೇಲೂ, "ಮನೆ ಸಿಗೋವರೆಗೂ ನಾನು ಸಾಯಲ್ಲ ಕಣೇ, ಗಟ್ಟಿಯಾಗಿದ್ದೀನಿ. ಇನ್ನೊಂಚೂರು ಸಾರು ಹಾಕು" ಅನ್ನುತ್ತಿದ್ದರು. ಈ 1989ರ ಫೆಬ್ರವರಿಯಲ್ಲಿ ಅವರ ಕೈಲಾಗಲಿಲ್ಲ. "ಇನ್ನಾಗಲ್ಲ ರಿಮ್ಮಾ, ಬೈಕೋಬೇಡಮ್ಮಾ" ಎಂದರು. ಸಾಯುವುದಕ್ಕೂ ಮನೆಯವರ ಕ್ಷಮೆ ಕೇಳುವ ಗತಿಯನ್ನು ತಾವು ಆ ಮುದುಕಿಗೆ ತಂದಿರಿ.

ಸಾವನ್ನು ತಿಳಿಸಲು ಹೋದರೆ ತಮ್ಮ ಕಚೇರಿಯ ಹೆಂಗಸು ತಲೆಯೆತ್ತದೆ, "ಒಬ್ರು ಕಡಿಮೆ ಆದ್ರಲ್ಲ, ಈಗ ನಿಮಗೆ ಜಾಗ ಧಾರಾಳ. ಸರದಿಯಿಂದ ತೆಗೆದಿದ್ದೀವಿ" ಎಂದಳು.

"ಮಗಳು ಬಸುರಿ ಕಣ್ರಮ್ಮಾ!"

"ಹುಟ್ಲಿ ಬಿಡಿ, ಆಮೇಲೆ ಎಣಿಸ್ತೀವಿ. ಆಗ ಸರದಿ ಕೊನೇಲಿ ಬಂದು ನಿಂತ್ಕೊಳ್ಳಿ."

ಮುಂದಿನ ತಿಂಗಳೇ ಪತ್ರಿಕೆಯಲ್ಲಿ ತಮ್ಮ ವರದಿ ಬಂತು: ತಲಾ ವಾಸದ ಜಾಗ ಹೆಚ್ಚಿದೆ, ಮನೆಗಾಗಿ ಕಾಯುವ ಸಂಸಾರಗಳು ಕಡಿಮೆಯಾಗಿವೆ. ಸುಳ್ಳೆಂದು ನಾನು ಹೇಳುವುದಿಲ್ಲ. ಅದರಲ್ಲಿ ಒಂದು ಸಂಖ್ಯೆಯೂ ಸುಳ್ಳಾಗಿರಲಿಕ್ಕಿಲ್ಲ, ನನಗೆ ಹೇಸಿಗೆಯಾಗುವುದೇ ಅದಕ್ಕೆ. ಹೊಸ ಗೋಡೆ ಎಲ್ಲಿ ಎದ್ದಿದೆ ಸ್ವಾಮಿ? ಗಾರೆಯವರು ಮಾಡಬೇಕಾದ ಕೆಲಸವನ್ನು ಸ್ಮಶಾನದವರಿಂದ ಮಾಡಿಸಿ ಬೆನ್ನು ತಟ್ಟಿಕೊಳ್ಳಲು ತಮಗೆ ನಾಚಿಕೆಯಾಗುವುದಿಲ್ಲವೇ? ಬರುವ ಚಳಿಗಾಲದಲ್ಲಿ ಒಳ್ಳೆಯ ಜ್ವರವೊಂದು ಹಬ್ಬಿಬಿಟ್ಟರೆ ಜೀವನಮಟ್ಟದಲ್ಲಿ ನಾವು ಸ್ವೀಡನ್ನನ್ನೇ ಹಿಂದೆ ಹಾಕಬಹುದು.

ನಿನ್ನೆ ಝೋಯಾ ಕೇಳಿದಳು: "ತೊಟ್ಟಿಲು ಎಲ್ಲಿಡ್ಲಮ್ಮಾ, ನಿನ್ನ ತಲೆ ಮೇಲಾ? ನಂಗೀ ಮಗು ಬೇಡ." ಗುರುವಾರ ಆಸ್ಪತ್ರೆಗೆ ಹೋಗಿ ತೆಗೆಸಿಕೊಳ್ಳುತ್ತಾಳಂತೆ. ಹುಟ್ಟದೆ ತಾವು ಎಣಿಸುವುದಿಲ್ಲ, ತಾವು ಎಣಿಸದೆ ಅವಳು ಹೆರುವುದಿಲ್ಲ. ಬುಧವಾರದೊಳಗೆ ನಮ್ಮನ್ನು ಸರದಿಯಲ್ಲಿ ಮೊದಲಿದ್ದ ಜಾಗಕ್ಕೇ ಮರಳಿ ಸೇರಿಸಿ. ಆಗದಿದ್ದರೆ ಮುಂದಿನ ವರದಿಯನ್ನು ಧೈರ್ಯವಾಗಿ ಬರೆಯಿರಿ, ನಮ್ಮ ಕೋಣೆಯಲ್ಲಿ ಜಾಗ ಆಗಲೂ ಧಾರಾಳವಾಗಿಯೇ ಇರುತ್ತದೆ.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಸುಖವಾಗಿರುವ
ರಿಮ್ಮಾ ಜುಬ್ಕೋವಾ