ಅಂಗಿಯ ಗುಂಡಿ

ಮಾರ್ಚ್ 3
ಮೂರನೇ ಪೀರಿಯಡ್. ಮಕ್ಕಳಿಗೆ ಮರವಾಗಿ ನಿಲ್ಲುವುದನ್ನು ಹೇಳಿಕೊಟ್ಟೆ. ಇಡೀ ತೋಪಿನಲ್ಲಿ ಒಂದು ಮರಕ್ಕೂ ಸುಮ್ಮನೆ ನಿಲ್ಲಲು ಬರುವುದಿಲ್ಲ. ಕೂಗಿ ಕೂಗಿ ಗಂಟಲು ಹೋಯಿತು. ಅಷ್ಟರಲ್ಲಿ ಹೆಡ್ ಮೇಡಂ ಕರೆಸಿದರು. “ಕೂತ್ಕೊಳ್ಳಿ” ಎಂದಾಗಲೇ ಗೊತ್ತಾಯಿತು. ಆಕೆ ಕೂರಿಸುವುದು ಕೆಟ್ಟ ಸುದ್ದಿಗೆ ಮಾತ್ರ.

“ಇನ್ಮೇಲೆ ಡಿಗ್ರಿ ಇಲ್ಲದೋರನ್ನ ಇಟ್ಕೊಳ್ಳೋ ಹಾಗಿಲ್ಲ. ನಾಟಕದ ಟೀಚರ್‌ಗೂ ಅದೇ ರೂಲು. ಒಂದು ವರ್ಷ ಹೇಗೋ ತಡೀತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ.”

ಡಿಗ್ರಿಗೆ ಮೂರು ವರ್ಷ. ಇರುವುದು ಒಂದು. ನಲವತ್ತಾರನೇ ವಯಸ್ಸಿಗೆ ಈ ಲೆಕ್ಕ ಬಿಡಿಸು ಅಂದರೆ...

ಮಾರ್ಚ್ 6
ರಂಗಕಲೆಯ ಕಾಲೇಜಿಗೆ ಹೋಗಿ ಬಂದೆ. ಆಫೀಸಿನಾಕೆ ಕನ್ನಡಕ ತಲೆಯ ಮೇಲಿಟ್ಟುಕೊಂಡು ಟೇಬಲ್ಲೆಲ್ಲಾ ಕನ್ನಡಕ ತಡಕುತ್ತಿದ್ದರು. ತೋರಿಸಿಕೊಟ್ಟೆ. ಅದರಿಂದ ಸ್ವಲ್ಪ ಒಲಿದರು.

ಹಿಂದೆ ಓದಿದ್ದಕ್ಕೂ ಕ್ರೆಡಿಟ್ ಇದೆಯಂತೆ, ರಂಗದ ಮೇಲೆ ದುಡಿದದ್ದಕ್ಕೂ ಇದೆಯಂತೆ. ಎರಡೂ ಸಿಕ್ಕರೆ ಎರಡು ವರ್ಷ ಮಾಫಿ. ಕೊನೆಯ ವರ್ಷ ಮಾತ್ರ ಓದಿದರಾಯಿತು. ಅರ್ಧಕ್ಕೆ ಬಿಟ್ಟ ಸಂಗೀತದ ಡಿಪ್ಲೊಮಾಕ್ಕೆ ಮಾರ್ಕ್ಸ್ ಕಾರ್ಡ್ ಸಾಕು. ಹದಿನಾಲ್ಕು ವರ್ಷ ಬಣ್ಣ ಹಚ್ಚಿದ್ದಕ್ಕೆ ಮಾತ್ರ ಪುರಾವೆ ಬೇಕು.

“ಪೋಸ್ಟರ್ರು, ಪೇಪರ್ ಕಟಿಂಗು, ಏನಾದ್ರೂ ತನ್ನಿ. ನಿಮ್ಮ ಹೆಸರಿದ್ರೆ ಆಯ್ತು.”

ನನ್ನ ಹೆಸರು! ನನ್ನ ಹೆಸರು ಎಲ್ಲೂ ಇಲ್ಲ ತಾಯಿ ಎಂದು ಹೇಗೆ ಹೇಳುವುದು?

ಮಾರ್ಚ್ 7
ಇವರಿಗೆ ಹೇಳಿದೆ. “ಮದುವೆ ಆದಾಗಿಂದ ನನ್ನ ಮುಂದೆ ಮಾಡ್ತಿರೋ ನಾಟಕಕ್ಕೂ ಕ್ರೆಡಿಟ್ ಕೇಳು, ನಾನೇ ಸೈನ್ ಹಾಕ್ತೀನಿ” ಎಂದರು. ನಗು ಬಂತು, ಸಿಟ್ಟೂ ಬಂತು.

ವಿಷಯ ಇಷ್ಟೇ. ನಮ್ಮ ನಾಟಕ ಕಂಪನಿಯ ನಾಯಕಿ ಅಕ್ಕ. ಆಗಾಗ ಅವಳ ಗಂಟಲು ಕಟ್ಟುತ್ತಿತ್ತು. ಕಟ್ಟಿದ ರಾತ್ರಿ ಅವಳ ಸೀರೆ ಉಟ್ಟು ರಂಗದ ಮೇಲೆ ಹೋಗುತ್ತಿದ್ದವಳು ನಾನು. ಮುಖ ಒಂದೇ ಅಚ್ಚು, ಬಣ್ಣ ಬಳಿದ ಮೇಲೆ ಹೆತ್ತಮ್ಮನಿಗೂ ಗೊತ್ತಾಗದು. “ಹೆಸರು ಬದಲಾಯಿಸಿದ್ರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ” ಎನ್ನುತ್ತಿದ್ದರು ಮಾಲೀಕರು. ಬರಬರುತ್ತಾ ಕಟ್ಟಿದ ರಾತ್ರಿಗಳೇ ಹೆಚ್ಚಾದವು. ಈಗ ಮಾಲೀಕರೂ ಇಲ್ಲ, ಕಂಪನಿಯೂ ಇಲ್ಲ.

ಉಳಿದಿರುವುದು ಪೇಪರಿನಲ್ಲಿ ಬಂದ ಒಂದು ಫೋಟೋ. ತಿರುಗಿ ಬಾರದ ಮಗನ ಅಂಗಿ ಮಡಚುತ್ತಿರುವ ತಾಯಿ. ಕೆಳಗೆ ಅಕ್ಕನ ಹೆಸರು. ಆದರೆ ಅದನ್ನು ತೆಗೆದ ರಾತ್ರಿ ರಂಗದ ಮೇಲೆ ಹೋದವಳು ನಾನು. ಅಂಗಿಯ ಗುಂಡಿ ಕಿತ್ತು ಬಂದಿತ್ತು, ಚೆನ್ನಾಗಿ ನೆನಪಿದೆ. ಹಲಗೆಯ ಮೇಲೆ ಟಕಟಕ ಉರುಳಿಕೊಂಡು ಬಂದು ನನ್ನ ಬಲಗಾಲಿನ ಪಕ್ಕ ನಿಂತಿತು. ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಎತ್ತಿ ಅಂಗಿಯ ಜೇಬಿಗೇ ಹಾಕಿದ್ದು. ಆವತ್ತಿನಿಂದ ಅದು ನಾಟಕದಲ್ಲೇ ಸೇರಿಹೋಯಿತು.

ಮಾರ್ಚ್ 9
ಅಕ್ಕನ ಟೈಲರಿಂಗ್ ಅಂಗಡಿ. ಮೆಷಿನ್ನಿನ ಮೇಲೆ ಗೋಡೆಯಲ್ಲಿ ಅದೇ ಫೋಟೋ, ಕಟ್ಟು ಹಾಕಿಸಿದ್ದು. ಅಳತೆ ಕೊಡಲು ಬಂದವರೆಲ್ಲಾ “ಇದು ನೀವೇನಾ?” ಎನ್ನುತ್ತಾರೆ. ಅವಳು ತಲೆಯಾಡಿಸುತ್ತಾಳೆ, ಅರ್ಧ ವ್ಯಾಪಾರ ಅಲ್ಲೇ ಕುದುರುತ್ತದೆ.

ಬರೆದುಕೊಡು ಎಂದೆ.

“ನನ್ ಬದಲು ಎಷ್ಟೋ ಸಲ ಹೋಗಿದ್ಲು ಅಂತ ಬರ್ಕೊಡ್ತೀನಿ. ಬೇಡ ಅಂತೀನಾ?”

“ಬರೀ ಮಾತು ಸಾಲಲ್ವಂತೆ ಅಕ್ಕಾ. ಆ ಫೋಟೋ ನಂದು ಅಂತಾನೂ ಬರಿ.”

ಮೆಷಿನ್ನು ನಿಂತಿತು. “ಫೋಟೋ ನಿಂದಾ? ಅದು ನಾನು ಕಣೇ!”

“ಗುಂಡಿ ಬಿದ್ದ ರಾತ್ರಿ, ಅಕ್ಕಾ.”

“ಗೊತ್ತು. ಬೀಳಿಸಿದ್ದೇ ನಾನು. ಎತ್ಕೊಂಡಿದ್ದೂ ನಾನು.”

ಮಾತಿಗೆ ಮಾತು ಬೆಳೆಯಿತು. ನನಗೆ ಹೊಟ್ಟೆಕಿಚ್ಚು ಎಂದಳು. ನಿನಗೆ ಮರೆವು ಎಂದೆ. ಅಳತೆ ಕೊಡಲು ಬಂದ ಹೆಂಗಸು ಬಾಗಿಲಿನಿಂದಲೇ ವಾಪಸಾದಳು. “ಹೋಗ್ಲಿ ಬಿಡು” ಎನ್ನುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಮಾರ್ಚ್ 10
ಅವಳಿಗೂ ಗುಂಡಿ ನೆನಪಿದೆ. ನನಗೂ ಇದೆ. ಒಂದು ಗುಂಡಿ, ಇಬ್ಬರು ಬೀಳಿಸುವುದು ಹೇಗೆ? ಸುಳ್ಳಾಡುವವಳಲ್ಲ ಅವಳು. ನಾನೂ ಅಲ್ಲ. ತಲೆ ಕೆಟ್ಟು ಗೊಬ್ಬರವಾಗಿದೆ.

ಏಪ್ರಿಲ್ 18
ಈ ಡೈರಿ ತೆರೆದು ತಿಂಗಳ ಮೇಲಾಯಿತು. ಅಕ್ಕನಿಗೆ ಫೋನೂ ಮಾಡಿಲ್ಲ. ಅವಳೂ ಮಾಡಿಲ್ಲ. ಕಾಲೇಜಿನ ಸಂದರ್ಶನ ಇಪ್ಪತ್ತೆರಡಕ್ಕೆ ಎಂದು ಅವಳ ಮಗಳ ಕಿವಿಗೆ ಮಾತ್ರ ಹಾಕಿದ್ದೇನೆ. ಯಾಕೆ ಹಾಕಿದೆನೋ.

ಏಪ್ರಿಲ್ 22
ಸಂದರ್ಶನ ಮುಗಿಸಿ ಈಗಷ್ಟೇ ಮನೆಗೆ ಬಂದೆ.

ಮೂವರು ಕೂತಿದ್ದರು. ಗಡ್ಡದ ಮೇಷ್ಟ್ರು ಫೋಟೋ ತಿರುಗಿಸಿ ಮುರುಗಿಸಿ ನೋಡಿದರು. “ಇದರಲ್ಲಿ ಬೇರೆ ಹೆಸರಿದೆಯಲ್ಲಮ್ಮಾ?” ಏನೋ ತೊದಲಿದೆ. ನನಗೇ ನನ್ನ ಮಾತಿನ ತಲೆಬುಡ ತಿಳಿಯಲಿಲ್ಲ. ಆಗ ಬಾಗಿಲು ತಳ್ಳಿಕೊಂಡು ಅಕ್ಕ! ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಆ ಹೆಸರು ನಂದು ಸಾರ್. ಆದ್ರೆ ಫೋಟೋದಲ್ಲಿರೋಳು ಇವಳು. ನಾನು ಪಕ್ಕದಲ್ಲಿ, ಪರದೆ ಮರೇಲಿ ನಿಂತು ನೋಡ್ತಿದ್ದೆ.”

ಬರೆದು ಸಹಿಯನ್ನೂ ಹಾಕಿದಳು. ಹೊರಗೆ ಬಂದು ತಬ್ಬಿಕೊಂಡು ಗೊಳೋ ಎಂದು ಅತ್ತೆ. “ಅಯ್ಯೋ, ಬಿಡೇ, ಟೇಪು ಹರಿದೀತು” ಎಂದಳು.

ಏಪ್ರಿಲ್ 27
ಕ್ರೆಡಿಟ್ ಒಪ್ಪಿದ್ದಾರೆ. ಒಂದೇ ಷರತ್ತು. ಮೇ 5ಕ್ಕೆ ಫೋಟೋದ ದೃಶ್ಯವನ್ನು ಮಾಡಿ ತೋರಿಸಬೇಕು. ಇವರು ಸ್ವೀಟ್ ತಂದರು.

ಕುಣಿಯಬೇಕು ನಾನು. ಆದರೆ ಅಕ್ಕ ಯಾಕೆ ಮಾತು ಬದಲಿಸಿದಳು? ಮೊದಲು ಹೇಳಿದ್ದು ಸುಳ್ಳೋ, ಆಮೇಲೆ ಹೇಳಿದ್ದು ಸುಳ್ಳೋ? ಕೇಳಲು ಭಯ. ಸ್ವೀಟಿನ ಡಬ್ಬಿ ಹಾಗೇ ಮುಚ್ಚಿಟ್ಟೆ.

ಮೇ 4, ಮಧ್ಯಾಹ್ನ
ಪ್ರಾಕ್ಟೀಸಿಗೆಂದು ಅಕ್ಕನ ಅಂಗಡಿಗೆ ಹೋದೆ. ಗೋಡೆಯಲ್ಲಿ ಫೋಟೋ ಇಲ್ಲ, ಮೊಳೆ ಮಾತ್ರ ಇದೆ. “ಧೂಳು ಹಿಡಿದಿತ್ತು” ಎಂದಳು.

ಅಂಗಿ ಎಷ್ಟು ಮಡಚಿದರೂ ಕೂಡಿಬರುತ್ತಿಲ್ಲ. ಬೇರೆ ರಾತ್ರಿಗಳಲ್ಲಿ ಮಾಡಿದ್ದೇನೆ, ಮಾತುಗಳೆಲ್ಲಾ ಬಾಯಿಗೆ ಬರುತ್ತವೆ. ಆ ರಾತ್ರಿಯದು ಮಾತ್ರ ಕೈಗೆ ಬರುತ್ತಿಲ್ಲ.

“ಕೊಡಿಲ್ಲಿ. ಗಿರಾಕಿ ಅಂಗಿ ಅದು, ಸುಕ್ಕಾಗುತ್ತೆ” ಎಂದು ಎದ್ದಳು. ಕಟಿಂಗ್ ಟೇಬಲ್ಲಿನ ಪಕ್ಕ ಜಾಗ ಬಿಟ್ಟು ನಿಂತೆ. ಅಂಗಿ ಕೊಡವಿದಳು. ಎದೆಗೆ ಹಿಡಿದಳು. ತೋಳು ಮಡಚಿದಳು. ಗುಂಡಿಯೊಂದನ್ನು ಡಬ್ಬಿಯಿಂದ ತೆಗೆದು ಬೀಳಿಸಿದಳು.

ಟಕಟಕ ಉರುಳಿಕೊಂಡು ಬಂತು. ನನ್ನ ಬಲಗಾಲಿನ ಪಕ್ಕ ನಿಂತಿತು.

ನಡೆದು ಬಂದಳು. ಬಗ್ಗಿದಳು. ಎತ್ತಿಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ಆವತ್ತೂ ನೋಡಿರಲಿಲ್ಲ.

ಬೀಳಿಸಿದವಳಿಂದ ಗುಂಡಿ ದೂರ ಉರುಳಬೇಕು, ಅವಳ ಕಾಲಿಗೇ ಉರುಳಿಕೊಂಡು ಬರುವುದು ಹೇಗೆ? ಇಷ್ಟು ವರ್ಷ ಹೊಳೆಯಲಿಲ್ಲವಲ್ಲ! ಪರದೆಯ ಮರೆಯಲ್ಲಿ ನಿಂತಿದ್ದವಳು ನಾನು. ದಿನಾ ನೋಡಿ ನೋಡಿ ನನ್ನದೇ ಎಂದುಕೊಂಡೆ.

“ಅಕ್ಕಾ...”

“ಸುಮ್ನಿರು. ಎಷ್ಟೋ ರಾತ್ರಿ ನೀನು ಕುಣಿದಿದ್ದಕ್ಕೆ ನಾನು ಚಪ್ಪಾಳೆ ತಗೊಂಡಿದೀನಿ. ಒಂದು ರಾತ್ರಿ ನಂದು ನಿನ್ನ ಹೆಸರಲ್ಲಿರ್ಲಿ, ಏನ್ ಗಂಟು ಹೋಗುತ್ತೆ?”

ಗುಂಡಿಯನ್ನು ನನ್ನ ಅಂಗೈಗೆ ಹಾಕಿ ಬೆರಳು ಮುಚ್ಚಿದಳು. ಅತ್ತಿದ್ದು ನಾನೊಬ್ಬಳೇ.

ಮೇ 5, ಬೆಳಗ್ಗೆ 10:50
ಕಾಲೇಜಿನ ಬೆಂಚು. ಮುಷ್ಟಿಯಲ್ಲಿ ಗುಂಡಿ. ಅಕ್ಕನೂ ಬಂದಿದ್ದಾಳೆ. “ಎದುರಿಗೆ ಕೂತ್ಕೊಳ್ಲಾ, ಪಕ್ಕದಲ್ಲಿ ನಿಂತ್ಕೊಳ್ಲಾ?” ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಒಳಗೆ ಹೋದ ಕೂಡಲೇ ನಿಜ ಹೇಳಿಬಿಡುವುದು. ಹೇಳಿದರೆ ಅಕ್ಕನ ಸಹಿ ಸುಳ್ಳಾಗುತ್ತದೆ. ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಆ ಫೋಟೋ ಇನ್ಯಾವತ್ತೂ ಅವಳ ಗೋಡೆಗೆ ಬರುವುದಿಲ್ಲ. ಮಾಡಿ ತೋರಿಸಿ ಆಮೇಲೆ ಹೇಳಲೇ? ಅಥವಾ ಅವಳನ್ನೇ ಒಳಗೆ ಕರೆದು...

ಬಾಗಿಲು ತೆರೆಯಿತು. ಕೂಗುತ್ತಿದ್ದಾರೆ. ಅಕ್ಕನ ಹೆಸರಲ್ಲ, ನನ್ನದೇ ಹೆ—