ಬಂಗಡೆಯ ಮೇಲಿನ ಐಸು

ಮಂಕಿ, ೧೯೮೪

ಮಾಸ್ತಮ್ಮಕ್ಕಾ,

ನೀನು ತೀರಿಹೋಗಿ ತಿಂಗಳಾತು. ಇವತ್ತು ನಿನ್ನ ಮಗಳು ಮಾದೇವಿ ಒಂದು ಹುಂಜ ಹಿಡಿದುಕೊಂಡು ನಮ್ಮ ದನದ ಆಸ್ಪತ್ರೆಗೆ ಬಂದಿದ್ದಳು.

"ಕಂಪೌಂಡ್ರೇ, ಇದಕ್ಕೊಂದು ಸೂಜಿ ಹಾಕಿ. ಜಟಗ ದೇವರಿಗೆ ಬಿಟ್ಟದ್ದು, ಹಬ್ಬದವರೆಗೆ ಬದುಕಬೇಕು. ವರ್ಷ ವರ್ಷ ತಪ್ಪುಕಾಣಿಕೆ ಕೊಡೂದು ಬಿಡಬೇಡ ಅಂದಿದ್ಲು ಅಬ್ಬೆ."

ಆರು ವರ್ಷದ ಹಿಂದೆ ನಾನು ಸೂಜಿ ಹಾಕಿದ ಮೇಲೂ ನಿನ್ನ ಕೋಳಿಗಳೆಲ್ಲ ಕೊಕ್ಕರೆ ರೋಗದಲ್ಲಿ ಸತ್ತವು. "ಜಟಗನ ಹರಕೇಲಿ ಎಂತಾದ್ರೂ ತಪ್ಪಾತಾ?" ಅಂತ ಅಳುತ್ತ ಕೇಳಿದೆ ನೀನು. "ಇರಬಹುದು" ಅಂದುಬಿಟ್ಟೆ ನಾನು. ಆ ವರ್ಷದಿಂದಲೇ ನಿನ್ನ ತಪ್ಪುಕಾಣಿಕೆ ಶುರುವಾತು.

ಆ ಸೂಜಿ ಹಾಕಿದ ದಿನ, ಲಸಿಕೆ ತರಲು ಹೋದ ಭಟ್ಕಳದಲ್ಲಿ ಒಳ್ಳೇ ಬಂಗಡೆ ಸಿಕ್ಕಿತ್ತು. ಮನೆ ಮುಟ್ಟುವವರೆಗೆ ಕೆಡದಿರಲಿ ಅಂತ ಲಸಿಕೆಯ ಥರ್ಮಾಸಿನಲ್ಲಿದ್ದ ಐಸನ್ನೆಲ್ಲ ಮೀನಿನ ಮೇಲೆ ಸುರಿದಿದ್ದೆ. ಬಸ್ಸಿನ ಸೆಕೆಗೆ ಲಸಿಕೆ ಕೆಟ್ಟುಹೋಯಿತು. ಗೊತ್ತಿದ್ದೂ ಅದನ್ನೇ ಚುಚ್ಚಿದೆ.

ಇವತ್ತಾದರೂ ಮಾದೇವಿಗೆ ಹೇಳಿಬಿಡೋಣ ಅಂತ ಬಾಯಿ ತೆರೆದೆ. "ರೆಕ್ಕೆ ಗಟ್ಟಿ ಹಿಡ್ಕೋ" ಅಂದೆ, ಅಷ್ಟೇ.

ಇವತ್ತಿನ ಐಸು ಕಲ್ಲಿನ ಹಾಗಿತ್ತು ಅಕ್ಕಾ. ಹುಂಜ ಹಬ್ಬದವರೆಗೆ ಬದುಕುತ್ತದೆ. ಹೋಗುವಾಗ ಮಾದೇವಿ ಬಾಗಿಲಲ್ಲಿ ನಿಂತು, ಕೋಳಿ ಊಟಕ್ಕೆ ನೀವೂ ಬರಬೇಕು ಅಂದಳು.

"ಆತು" ಅಂದೆ.